ಅಕ್ಕನ ಮನೆ ಪಕ್ಕಕ್ಕೆ ಬಂದಾಗ

ನಮ್ಮ ಊರಿನಲ್ಲಿ ಯಾರ ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ಈಗ ಎಲ್ಲಿಗೆ ಬಂದಿದೆ ಎಂದು ಕೇಳುತ್ತೇವೆ. ಮನೆಗಳೆಲ್ಲ ಮರಳಿನ ಇಳಿಜಾರಿನ ಮೇಲೆ ಕೂತಿವೆ. ಮರಳು ಕೆಳಕ್ಕೆ ಹರಿಯುತ್ತದೆ, ಅದರ ಜೊತೆ ಮನೆಗಳೂ ಹೋಗುತ್ತವೆ. ಬಾವಿಗಳೂ ಮರಗಳೂ ಮಾತ್ರ ಇದ್ದಲ್ಲೇ ಇರುತ್ತವೆ. ನಾನು ಮದುವೆಯಾಗಿ ಬಂದಾಗ ನಮ್ಮ ಹಿತ್ತಲ ಬೇಲಿಯಲ್ಲಿ ಒಂದು ಹಲಸಿನ ಮರವಿತ್ತು. ಹನ್ನೊಂದು ವರ್ಷ ನೀರು ಹಾಕಿದೆ, ಒಂದು ಕಾಯಿ ಬಿಡಲಿಲ್ಲ. ನಾವು ಮುಂದೆ ಸರಿದು, ನಮ್ಮ ಹಿಂದುಗಡೆಯವರ ಮನೆ ಅದರ ಪಕ್ಕಕ್ಕೆ ಇಳಿದು ಬಂದ ವರ್ಷವೇ ಬುಡದಿಂದ ತುದಿಯವರೆಗೆ ಕಾಯಿ. ಆ ಮನೆಯವರು ಒಂದು ತೊಳೆ ಕೊಟ್ಟು ಕಳಿಸಲಿಲ್ಲ. ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಂಡರೆ ನಮ್ಮ ಊರಿನಲ್ಲಿ ಬದುಕಲಾಗುವುದಿಲ್ಲ. ಆದರೂ ನಾನು ಮಾಡಿಕೊಂಡಿದ್ದೇನೆ.

ಇಳಿಜಾರು ಮುಗಿಯುವ ಜಾಗಕ್ಕೆ ಅಂಚು ಎನ್ನುತ್ತೇವೆ. ಅಂಚಿನಾಚೆ ಬರೀ ಮಂಜು. ಅಲ್ಲಿಗೆ ಬಂದ ಮನೆ ಒಂದು ದಿನ ಮೆಲ್ಲಗೆ ಮಂಜಿನೊಳಕ್ಕೆ ಇಳಿಯುತ್ತದೆ, ಮನೆಯವರೂ ಒಳಗೇ ಇರುತ್ತಾರೆ. ಬೆಳಗಿನ ಹೊತ್ತು ಕಿವಿಗೊಟ್ಟರೆ ಕೆಳಗಿನಿಂದ ಕೋಳಿ ಕೂಗುವುದು ಕೇಳಿಸುತ್ತದೆ. ಒಮ್ಮೊಮ್ಮೆ ಒಗ್ಗರಣೆಯ ವಾಸನೆಯೂ ಬರುತ್ತದೆ. ಹಾಗಾಗಿ ನಾವು ಸತ್ತವರಿಗೆ ಅಳುವ ಹಾಗೆ ಅವರಿಗೆ ಅಳುವುದಿಲ್ಲ. ಆದರೆ ಅಲ್ಲಿಂದ ಇದುವರೆಗೆ ಯಾರೂ ಹತ್ತಿ ಬಂದಿಲ್ಲ. ಮನೆಯನ್ನು ಬಿಟ್ಟು ಓಡಿಬರುವಂತೆಯೂ ಇಲ್ಲ. ಜನ ಮಲಗದ ಮನೆಗೆ ಭಾರವಿಲ್ಲ, ಬೆಳಗಾಗುವುದರೊಳಗೆ ಅದು ಜಾರಿ ಓಡುತ್ತದೆ, ಓಡುವಾಗ ಮುಂದಿನ ಮನೆಯನ್ನೂ ತಳ್ಳಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಮನೆ ಬಿಟ್ಟವರು ಎನ್ನುವುದು ದೊಡ್ಡ ಬೈಗುಳ.

ಪ್ರತಿ ಅಮಾವಾಸ್ಯೆಗೆ ಎಲ್ಲರೂ ಒರಳಿನಲ್ಲಿ ಕಲ್ಲು ಕುಟ್ಟಿ, ಆ ನುಚ್ಚನ್ನು ನಡುಮನೆಯ ಗುಂಡಿಯ ಮೂಲಕ ಮನೆಯಡಿಗೆ ಸುರಿಯುತ್ತೇವೆ. ಮರಳು ಉರುಳಿ ಉರುಳಿ ಸಾಸಿವೆಯ ಹಾಗೆ ದುಂಡಗಾಗುತ್ತದೆ. ದುಂಡಗಿನದು ಒಂದನ್ನೊಂದು ಹಿಡಿಯುವುದಿಲ್ಲ. ಮೂಲೆ ಚೂಪಿರುವ ನುಚ್ಚು ಒಂದಕ್ಕೊಂದು ತಗುಲಿ, ಕಚ್ಚಿ, ನಿಧಾನ ಮಾಡುತ್ತದೆ. ಮನೆಗಳ ಲೆಕ್ಕ ಇಡುವವನು ಗೂಟದ ಸಣ್ಣಪ್ಪ. ಮನೆಮನೆಯ ಮುಂದೆ ಗೂಟ ಹೊಡೆದು, ಯಾವುದು ಎಷ್ಟು ಸರಿಯಿತು ಎಂದು ಅಳೆಯುತ್ತಾನೆ. ಒಂದು ಹಿಡಿ ಮರಳು ತೆಗೆದು ಮೊರದ ಮೇಲೆ ಸುರಿಯುತ್ತಾನೆ. ಗುಪ್ಪೆ ಎತ್ತರಕ್ಕೆ ನಿಂತರೆ ತಲೆಯಾಡಿಸಿ ಹೋಗುತ್ತಾನೆ. ಹರಡಿಕೊಂಡರೆ ಮನೆಯ ಹೆಂಗಸಿನ ಮುಖ ನೋಡುತ್ತಾನೆ. ಆ ನೋಟಕ್ಕೆ ಹೆದರಿಯೇ ಅರ್ಧ ಊರು ಕಲ್ಲು ಕುಟ್ಟುತ್ತದೆ.

ನಮ್ಮ ಯಜಮಾನರು ಮಾದಯ್ಯ, ಗಾರೆ ಕೆಲಸದವರು. ಬೇರೆ ಊರಿನ ಗಾರೆಯವರಿಗೆ ಗೋಡೆ ನೆಟ್ಟಗಿದ್ದರೆ ಸಾಕು, ನಮ್ಮಲ್ಲಿ ಹಾಗಲ್ಲ. ಪಕ್ಕದ ಮನೆಯವರು ಬೇಕಾದವರಾದರೆ ಆ ಕಡೆಯ ಗೋಡೆಗೆ ನುಚ್ಚು ಬೆರೆಸಿದ ಒರಟು ಗಾರೆ ಬಳಿಸುತ್ತಾರೆ, ನಡುವಿನ ಸಂದಿಗೆ ನುಚ್ಚು ಸುರಿಯುತ್ತಾರೆ. ಎರಡು ಮನೆಗಳೂ ಒಂದನ್ನೊಂದು ಹಿಡಿದುಕೊಂಡು ಜೊತೆಯಲ್ಲಿ ಇಳಿಯುತ್ತವೆ. ಬೇಡವಾದವರಾದರೆ ಸುಣ್ಣದ ಗಾರೆ ಬಳಿಸಿ, ನಯವಾದ ಕಲ್ಲಿನಿಂದ ತಿಕ್ಕಿಸಿ, ಮೇಲೆ ಹರಳೆಣ್ಣೆ ಹಚ್ಚಿಸುತ್ತಾರೆ. ಬಾಯಲ್ಲಿ ಹೇಳುವುದೇನೂ ಬೇಕಿಲ್ಲ. ಎಣ್ಣೆ ಹಚ್ಚಿದ ಗೋಡೆ ಕಂಡರೆ ನೀನಿನ್ನು ಹೊರಡು ಎಂದು ಅರ್ಥ.

ನಮ್ಮ ಅತ್ತೆಯ ಕಾಲದಲ್ಲಿ ಮೂರನೆಯ ಬೀದಿಯವರಿಗೆ ಮರ್ಯಾದೆಯ ಹುಚ್ಚು ಹತ್ತಿತ್ತಂತೆ. ಗೋಡೆ ಉಜ್ಜಿ ಗರಗರ ಸದ್ದು ಬರುವುದು ಕೀಳು ಜನರ ಲಕ್ಷಣ ಎಂದು ಎಲ್ಲರೂ ಎರಡೂ ಕಡೆ ನಯ ಮಾಡಿಸಿದರು. ಒಬ್ಬರ ಮನೆ ಒಬ್ಬರಿಗೆ ತಾಗುವುದಿಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಬಹಳ ನೆಮ್ಮದಿ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೇಲಿನ ಒಂದು ಮನೆ ಜಾರಿತು. ತಡೆಯುವುದು ಏನೂ ಇರಲಿಲ್ಲ. ಎಲೆ ಎತ್ತುವುದರೊಳಗೆ ಹನ್ನೊಂದು ಮನೆಗಳು ಅಂಚು ದಾಟಿದವು. ಅತ್ತೆ ಇದನ್ನು ಹೇಳುವಾಗಲೆಲ್ಲ, ಬಡಿಸಿದ ಅನ್ನ ಚೆಲ್ಲಲಿಲ್ಲವಂತೆ, ಅಷ್ಟು ನಯವಾಗಿ ಹೋದರಂತೆ ಎನ್ನುತ್ತಿದ್ದರು.

ನನಗೆ ಒಬ್ಬಳೇ ಅಕ್ಕ, ದೇವೀರಮ್ಮ. ಮದುವೆಯಾದ ಮೇಲೆ ಅವಳ ಮನೆಯೂ ನಮ್ಮ ಮನೆಯೂ ಅಕ್ಕಪಕ್ಕ ಬಂದವು, ಒಂಬತ್ತು ವರ್ಷ ಹಾಗೇ ಇದ್ದವು. ಕಿಟಕಿಗೆ ಕಿಟಕಿ. ದಿನಾ ಬೆಳಗಾದರೆ ಜಗಳ. ಸಾರಿಗೆ ಹುಣಸೆಹಣ್ಣು ಮೊದಲೋ ಉಪ್ಪು ಮೊದಲೋ ಎನ್ನುವುದರಿಂದ ಹಿಡಿದು, ಅವ್ವ ಸಾಯುವಾಗ ಯಾರ ಹೆಸರು ಕರೆದಳು ಎನ್ನುವವರೆಗೆ. ನಮ್ಮಿಬ್ಬರ ದನಿ ಏರಿದರೆ ಬೀದಿಯವರು ಹಾಲು ಕಾಯಿಸಲು ಇಡುತ್ತಿದ್ದರು, ದಿನಾ ಅಷ್ಟು ಸರಿಯಾದ ಹೊತ್ತಿಗೆ ಏರುತ್ತಿತ್ತು. ಆಮೇಲೆ ಒಂದು ದಿನ ನಾನು ಬೇರೆ ಬೀದಿಯ ಸೀಮಂತಕ್ಕೆ ಹೋಗಿ ಬರುವಷ್ಟರಲ್ಲಿ, ನಮ್ಮ ಕಡೆಗಿದ್ದ ಅವಳ ಗೋಡೆ ನಯವಾಗಿತ್ತು. ಎಣ್ಣೆ ಬಿಸಿಲಿಗೆ ಹೊಳೆಯುತ್ತಿತ್ತು. ಬೇರೆ ಗಾರೆಯವನನ್ನು ಕರೆಸಿದ್ದಾಳೆ ಎಂದುಕೊಂಡೆ. ನನ್ನ ಎದೆ ಹೇಗೆ ಉರಿಯಿತು ಎಂದು ಈಗಲೂ ಹೇಳಬಲ್ಲೆ. ನಾನು ಒಂದು ಮಾತೂ ಆಡಲಿಲ್ಲ. ನಮ್ಮ ಕಡೆಯ ಗೋಡೆಯನ್ನೂ ನಯ ಮಾಡಿ ಎಂದು ಯಜಮಾನರಿಗೆ ಹೇಳಿದೆ. ಅವರು ಮಾಡಿದರು. ತಿಂಗಳೊಳಗೆ ಸಂದಿಯ ನುಚ್ಚೆಲ್ಲ ಜಾರಿ ಹೋಯಿತು, ನಮ್ಮ ಮನೆ ಕೆಳಗೆ ಇಳಿಯಿತು, ಅವಳದು ಮೇಲೆ ಉಳಿಯಿತು.

ಇಪ್ಪತ್ತೊಂದು ವರ್ಷ. ಅವಳ ಮನೆ ಎರಡು ಬೀದಿ ಮೇಲೆ, ಒಂದು ಎಲೆಯಡಿಕೆ ಜಗಿದು ಮುಗಿಸುವುದರೊಳಗೆ ನಡೆದುಹೋಗಬಹುದು. ನಾನು ಹೋಗಲಿಲ್ಲ, ಅವಳು ಬರಲಿಲ್ಲ. ಭಾವ ತೀರಿಕೊಂಡ ದಿನ ಹೋದೆ. ಬೀದಿಯಲ್ಲೇ ನಿಂತೆ. ಅವಳು ಬಾಗಿಲ ಕಡೆ ನೋಡಲಿಲ್ಲ, ನಾನು ಹೊಸ್ತಿಲು ದಾಟಲಿಲ್ಲ. ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಈ ಜನ್ಮದಲ್ಲಿ ಮಾಡಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದರೆ ಹೊರಗೆ ಒಂದು ಗೋಡೆಯ ಮೂಲೆ ಕಾಣಿಸಿತು. ನೆನ್ನೆ ಇರಲಿಲ್ಲ. ಮಾರನೆಯ ದಿನ ಜಗಲಿಯ ಕಂಬ ಬಂತು. ಅದರ ಮೇಲೆ ಚಾಕುವಿನಿಂದ ಕೊರೆದ ಗೆರೆಗಳಿದ್ದವು. ಮದುವೆಗೆ ಮುಂಚೆ ನಾವಿಬ್ಬರೂ ಎಷ್ಟು ಎತ್ತರ ಎಂದು ಅಳೆದ ಕಂಬ ಅದು. ಅಪ್ಪ ಅದನ್ನು ಅಕ್ಕನ ಮನೆಗೆ ಕೊಟ್ಟಿದ್ದ. ನಾನು ಒಲೆಯ ಮೇಲಿನ ಹಾಲು ಉಕ್ಕುವವರೆಗೂ ನೋಡುತ್ತ ನಿಂತೆ.

ದಿನಕ್ಕೊಂದು ಗೇಣು. ಹೀಗೆ ಒಬ್ಬರ ಮನೆ ನಮ್ಮ ಕಿಟಕಿಯ ಮುಂದೆ ಹಾದುಹೋಗುವುದು ಕನಸಿನಲ್ಲಿ ಯಾರೋ ಮೆಲ್ಲಗೆ ತಲೆ ತಿರುಗಿಸಿದ ಹಾಗೆ. ಜಗಲಿ ಹೋಯಿತು, ನಡುಮನೆಯ ಕಿಟಕಿ ಬಂತು. ಒಳಗೆ ಅಕ್ಕ ಗೋಡೆಗೆ ಒರಗಿ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಆ ಕೈ ಮೇಲಕ್ಕೆ ಏಳುತ್ತಿರಲಿಲ್ಲ. ತಲೆ ಬಾಚುವುದೂ ಎಡಗೈಯಲ್ಲೇ. ಕೂದಲು ಪೂರ್ತಿ ನರೆತಿತ್ತು. ನಾನು ನೋಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಅವಳು ನೋಡುತ್ತಿಲ್ಲ ಎಂದು ನನಗೆ ತೋರಿಸುತ್ತಿದ್ದಳು.

ಸಣ್ಣಪ್ಪ ಬಂದ. ಅವಳ ಮನೆಯಡಿಯ ಮರಳು ತೆಗೆದು ಮೊರದ ಮೇಲೆ ಸುರಿದ. ಗುಪ್ಪೆ ನಿಲ್ಲಲೇ ಇಲ್ಲ, ಮೊರದ ಅಂಚಿನವರೆಗೆ ಉರುಳಿತು. ಅಲ್ಲಿಂದ ನಮ್ಮ ಜಗಲಿಗೆ ಬಂದು ಕೂತು ನೀರು ಕೇಳಿದ.

"ಭುಜ ಬಿದ್ದು ಎರಡು ವರ್ಷ ಆಯ್ತಂತೆ. ಕಲ್ಲು ಕುಟ್ಟೇ ಇಲ್ಲ. ಹೇಳಿದ್ರೆ ಮಾನ ಹೋಯ್ತದೆ ಅಂತ ಸುಮ್ಮನೆ ಇದ್ದವ್ರೆ," ಅಂದ. "ಈಗ ನುಚ್ಚು ಹಾಕುದ್ರೂ ಅದು ಇಳಿದು ಹಿಡಿಯೋಕೆ ಮೂರು ವರ್ಷ ಬೇಕು. ಮನೆ ಅಂಚಿಗೆ ಹೋಗೋಕೆ ಏಳು ತಿಂಗಳು ಸಾಕು."

"ಬೇರೆ ದಾರಿ ಇಲ್ವಾ?" ಅಂದೆ.

"ಒಂದದೆ. ಪಕ್ಕದ ಮನೆ ಹಿಡ್ಕಬೇಕು. ಮುಂದೆ ಬಾಣಂತಿ ಮನೆ, ಅದು ಹಗುರ. ಹಿಂದೆ ಖಾಲಿ ಜಾಗ. ಇರೋದು ನಿಮ್ಮನೆ ಒಂದೇ." ಅವನು ಲೋಟ ಕೆಳಗಿಟ್ಟ. "ಆದ್ರೆ ಚೆಲುವಮ್ಮೋರೆ, ಯೋಚನೆ ಮಾಡಿ. ನಿಮ್ಮ ಮನೆ ತಿಂಗಳಿಗೆ ನಾಲ್ಕು ಬೆರಳು ಹೋಯ್ತಾ ಅದೆ. ನಿಮ್ಮ ಜೀವಮಾನಕ್ಕೆ ಸಾಕಾಗಿ ಮಿಕ್ತದೆ. ಸಂದಿ ತುಂಬುದ್ರೆ ನಿಮ್ಮ ಮನೆ ಅವರದನ್ನ ತಡೀಬಹುದು. ಅವರದು ನಿಮ್ಮದನ್ನ ಎಳ್ಕಂಡೂ ಹೋಗ್ಬಹುದು. ಉಜ್ಜೋದು ಅಂದ್ರೆ ಎರಡು ಕಡೇದು."

"ಎಷ್ಟು ಎಳೀತದೆ?"

"ತುಂಬಿದ ಮೇಲೇ ಗೊತ್ತಾಗೋದು. ಇಷ್ಟು ಜೋರಲ್ಲಿ ಕಚ್ಚಿದ್ದನ್ನ ಮತ್ತೆ ಬಿಡಿಸೋಕಾಗಲ್ಲ. ಎರಡೂ ಮನೆಯವರು ನನ್ನ ಮುಂದೆ ಬಾಯಿ ಬಿಟ್ಟು ಕೇಳಬೇಕು. ಒಂದು ಕೈಲಿ ಚಪ್ಪಾಳೆ ಆಗಲ್ಲ."

ಅವನು ಹೋದ ಮೇಲೆ ನಾನು ಯಜಮಾನರಿಗೆ ಊಟಕ್ಕೆ ಬಡಿಸಿದೆ. ಮುದ್ದೆ ಮುರಿಯದೆ ಕೂತರು. ನಮ್ಮ ಯಜಮಾನರ ಕೈ ಎಷ್ಟು ನಯವೋ ಮಾತೂ ಅಷ್ಟೇ ನಯ. ಮೂವತ್ತು ವರ್ಷದಲ್ಲಿ ನನ್ನ ಮೇಲೆ ಒಮ್ಮೆಯೂ ದನಿ ಎತ್ತಿದವರಲ್ಲ. ಅದನ್ನೇ ಪುಣ್ಯ ಎಂದುಕೊಂಡಿದ್ದೆ.

"ನೀನು ಕೇಳ್ಕೊಂಡ್ರೂ ದೇವೀರಕ್ಕ ಒಪ್ಪಲ್ಲ," ಅಂದರು. "ಅವಳ ಗೋಡೆ ನಯ ಮಾಡಿಸಿದ್ದು ನೀನೇ ಅಂತ ಅವಳು ತಿಳ್ಕೊಂಡವ್ಳೆ."

"ನಾನಾ? ಮೊದಲು ಮಾಡಿಸಿದ್ದು ಅವಳಲ್ವಾ?"

"ಅವಳಲ್ಲ."

"ಮತ್ಯಾರು?"

ಸಾರಿನಲ್ಲಿ ಬೆರಳಾಡಿಸಿದರು. "ನಾನೇ ಮಾಡ್ದೆ, ಚೆಲುವಿ. ನೀನು ಸೀಮಂತಕ್ಕೆ ಹೋಗಿದ್ದೆ, ಅವರು ಗದ್ದೆಗೆ ಹೋಗಿದ್ರು. ದಿನಾ ಬೆಳಗಾದ್ರೆ ಜಗಳ. ಕಿವಿ ಸೋತುಹೋಗಿತ್ತು. ಸ್ವಲ್ಪ ದೂರ ಆದ್ರೆ ಇಬ್ರೂ ನೆಮ್ಮದಿಯಾಗಿರ್ತೀರಿ ಅನ್ನಿಸ್ತು. ಹೊರಗಡೆಯಿಂದ ನೋಡೋರಿಗೆ ಜಗಳ ಅಂದ್ರೆ ಜಗಳವೇ ಕಾಣೋದು."

"ಅವಳಿಗೆ ಏನು ಹೇಳಿದ್ರಿ?"

"ಏನೂ ಹೇಳ್ಲಿಲ್ಲ. ನಿನಗೂ ಹೇಳ್ಲಿಲ್ಲ. ಆಮೇಲೆ ಹೇಳೋಣ ಅಂತಿದ್ದೆ. ಆಮೇಲೆ ಅನ್ನೋದು ಬರ್ಲೇ ಇಲ್ಲ."

ನಾನು ಅವರ ತಟ್ಟೆ ಎಳೆದು ಬೀದಿಗೆ ಎಸೆದೆ. ಮುದ್ದೆ ಸಣ್ಣಪ್ಪನ ಗೂಟಕ್ಕೆ ತಗುಲಿತು. ಮೂವತ್ತು ವರ್ಷದಲ್ಲಿ ಅದೇ ಮೊದಲು. ಅವರು ಎದ್ದು ಕೈ ತೊಳೆದುಕೊಂಡರು. ಏನಾದರೂ ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ಹೊತ್ತಿಗೆ ಅಕ್ಕನ ಅಡುಗೆಮನೆಯ ಕಿಟಕಿ ನನ್ನ ಕಿಟಕಿಗೆ ಎದುರಾಗುತ್ತ ಬಂದಿತ್ತು. ಅವಳು ತೊಗರಿಬೇಳೆ ಆರಿಸುತ್ತ ಕೂತಿದ್ದಳು. "ಅಕ್ಕ," ಅಂದೆ. ಅಷ್ಟು ವರ್ಷದ ಮೇಲೆ ಆ ಎರಡಕ್ಷರ ಬಾಯಿಂದ ಬಂತು.

ಅವಳು ತಲೆ ಎತ್ತಲಿಲ್ಲ. "ಏನು, ಸಕ್ಕರೆ ಬೇಕಾಗಿತ್ತಾ?" ಅಂದಳು.

"ಗೋಡೆ ಮೊದಲು ನಯ ಮಾಡಿಸಿದ್ದು ನಾನಲ್ಲ."

ಬೇಳೆಯಲ್ಲಿ ಓಡಾಡುತ್ತಿದ್ದ ಬೆರಳು ನಿಂತಿತು. "ನಾನೂ ಅಲ್ಲ."

"ಗೊತ್ತಾಯ್ತು. ಇವರು ಮಾಡಿದ್ದು. ಯಾರಿಗೂ ಹೇಳದೆ."

"ಮಾದಯ್ಯನಾ?" ಅಕ್ಕ ಈಗ ನನ್ನ ಮುಖ ನೋಡಿದಳು. "ಮೂಗಿನ ಮೇಲೆ ನೊಣ ಕೂತ್ರೂ ಓಡಿಸದ ಆ ಮಾದಯ್ಯನಾ?"

"ಅವರೇ."

ಅವಳು ಮೊರದ ಮೇಲೆ ಬಗ್ಗಿದಳು. ನಗುತ್ತಿದ್ದಾಳೆ ಎಂದುಕೊಂಡೆ. ನಗುತ್ತಿರಲಿಲ್ಲ. ನನಗೂ ಅಳು ಬಂತು. ಇಬ್ಬರೂ ಒಂದೊಂದು ಕಿಟಕಿಯಲ್ಲಿ ಕೂತು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಕೈ ಚಾಚದೆ ಅತ್ತೆವು.

"ಸಂದಿ ತುಂಬಿಸೋಣ ಅಕ್ಕ," ಅಂದೆ. "ಸಣ್ಣಪ್ಪನ್ನ ಕರೀತೀನಿ."

"ಬೇಡ."

"ಯಾಕೆ ಬೇಡ?"

"ನನ್ನ ಮನೆ ಕೆಳಗೆ ಸಾಸಿವೆ ಆಗೋಗದೆ ಕಣೆ. ನಿನ್ನ ಮನೇನೂ ಎಳ್ಕಂಡು ಹೋಯ್ತದೆ. ನಾನು ಹೋಗೋಳು ಹೋಗ್ತೀನಿ. ಗೊತ್ತಾಯ್ತಲ್ಲ, ನೀನು ಮಾಡ್ಸಿದ್ದಲ್ಲ ಅಂತ. ಸಾಕು ನಂಗೆ."

"ನಿಂಗೆ ಸಾಕಾದ್ರೆ ಆಯ್ತಾ? ನಂಗೆ ಸಾಕಾಗ್ಬೇಡ್ವಾ?"

"ಕಿರುಚ್ಬೇಡ."

"ಕಿರುಚ್ತೀನಿ. ಇಪ್ಪತ್ತೊಂದು ವರ್ಷದ್ದು ಅದೆ, ಕಿರುಚ್ತೀನಿ. ಭುಜ ನೋವಾದ್ರೆ ಹೇಳ್ಬಾರ್ದಾಗಿತ್ತಾ? ನಾನು ಬಂದು ಕುಟ್ತಿರ್ಲಿಲ್ವಾ?"

"ನಿನ್ನ ಗಂಡ ತೀರ್ಕಂಡ್ರೆ ನಾನು ಬೀದೀಲಿ ನಿಂತು ವಾಪಸ್ ಹೋಗ್ತಿದ್ನಾ? ಹೇಳು."

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಾನೂ ಬಿಡಲಿಲ್ಲ. ಅವ್ವನಿಂದ ಶುರುಮಾಡಿದೆವು. ಉಪ್ಪು, ಹುಣಸೆಹಣ್ಣು, ಅವಳ ಮದುವೆಗೆ ನನಗೆ ಉಡಿಸಿದ ಹಳೆಯ ಲಂಗ, ಎಲ್ಲವೂ ಬಂದವು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಬಾಣಂತಿಯ ಅತ್ತೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಸಣ್ಣಪ್ಪ ಮೊರ ಹಿಡಿದುಕೊಂಡು ಬಂದು ಎರಡು ಮನೆಗಳ ನಡುವೆ ನಿಂತ.

"ಹೋಗ್ತೀನಿ ಅಂತೀಯಲ್ಲ, ಹೋಗೋಕೆ ಅಷ್ಟು ಖುಷಿನಾ ನಿಂಗೆ?" ಅಂದೆ.

"ಖುಷಿ ಯಾರಿಗೆ?" ಅಕ್ಕ ಕಿಟಕಿಯ ಸರಳು ಹಿಡಿದು ಎದ್ದು ನಿಂತಳು. "ನಿನ್ನ ಬಿಟ್ಟು ಆ ಮಂಜಿನೊಳಕ್ಕೆ ಒಬ್ಬಳೇ ಹೋಗೋಕೆ ನಂಗೆ ಭಯ ಆಯ್ತದೆ. ಜೊತೇಲಿ ಬಾ ಅಂತ ಹೆಂಗೆ ಕೇಳ್ಲಿ, ನೀನು ನನಗಿಂತ ಚಿಕ್ಕೋಳು."

ಸಣ್ಣಪ್ಪ ಗಂಟಲು ಸರಿಮಾಡಿಕೊಂಡ. "ದೇವೀರಮ್ಮೋರೆ, ಅದು ಕೇಳಿದ ಲೆಕ್ಕವಾ?"

ಅಕ್ಕ ನನ್ನನ್ನು ನೋಡಿದಳು. "ಆ ಲೆಕ್ಕಕ್ಕೇ ಬರ್ಕೊ," ಅಂದಳು.

ನಾನೂ ಕೇಳಿದೆ. ಅವನು ಎರಡೂ ಮನೆಗಳ ಮುಂದೆ ಒಂದೇ ಗೂಟ ಹೊಡೆದ.

ಯಜಮಾನರು ಯಾರೂ ಕರೆಯದೆ ಉಳಿ ಸುತ್ತಿಗೆ ತಂದು ಸಂದಿಯೊಳಗೆ ಅಡ್ಡಕ್ಕೆ ಇಳಿದರು. ಒಂದು ಮೊಳ ಅಗಲದ ಜಾಗ, ಎರಡೂ ಕಡೆ ಅವರದೇ ಕೈಯ ನಯ. ಇಪ್ಪತ್ತೊಂದು ವರ್ಷದಲ್ಲಿ ಒಂದು ಬಿರುಕೂ ಬಿಟ್ಟಿರಲಿಲ್ಲ. ಅಂಥ ಕೆಲಸವನ್ನು ತಾವೇ ಕೆತ್ತಿ ಹಾಕಿದರು. ಮೂರು ದಿನ ಹಿಡಿಯಿತು. ಸುಣ್ಣದ ಪುಡಿಯಲ್ಲಿ ಅವರ ರೆಪ್ಪೆಯೂ ಬೆಳ್ಳಗಾಗಿತ್ತು. ಅಕ್ಕ ಎಡಗೈಯಲ್ಲಿ ಒನಕೆ ಹಿಡಿದು ತನ್ನ ಕಿಟಕಿಯಿಂದ ಗೋಡೆಗೆ ತಾನೂ ಕುಟ್ಟಿದಳು. ಎರಡು ಸಲ ಅವರ ತಲೆಗೆ ತಗುಲಿತು. ಬೇಕೆಂದೇ ಎಂದು ನನಗೆ ಗೊತ್ತು, ಅವರಿಗೂ ಗೊತ್ತಿತ್ತು. ನಮ್ಮ ಮನೆಯ ನುಚ್ಚು ಹನ್ನೆರಡು ಮಂಕರಿಗೆ ಮುಗಿಯಿತು. ಆಮೇಲೆ ಬಾಣಂತಿಯ ಮನೆಯವರು ತಂದರು, ಹಲಸಿನ ಮರದ ಮನೆಯವರೂ ತಂದರು. ನಲವತ್ತು ಮಂಕರಿ ಸುರಿದ ಮೇಲೆ ಸಂದಿ ತುಂಬಿತು.

ಎರಡು ದಿನ ಏನೂ ಆಗಲಿಲ್ಲ. ಅಕ್ಕನ ಕಿಟಕಿ ಸರಿದು ಸರಿದು ಅರ್ಧ ಮರೆಯಾಯಿತು. ನಾನು ಒಲೆ ಹಚ್ಚದೆ ಅಲ್ಲೇ ಕೂತೆ. ಮೂರನೆಯ ದಿನ ಬಿಸಿಲು ಏರುವ ಹೊತ್ತಿಗೆ ಮನೆ ಒಮ್ಮೆ ಎಳೆದು ನಿಂತ ಹಾಗಾಯಿತು. ಅಟ್ಟದ ಮೇಲಿನ ಗಡಿಗೆಗಳು ಬಿದ್ದವು. ಆಮೇಲೆ ನಿಶ್ಶಬ್ದ. ನಾವು ಹುಟ್ಟಿದಾಗಿನಿಂದ ನೆಲದಡಿಯಲ್ಲಿ ಮರಳಿನ ಸರಸರ ಕೇಳುತ್ತಲೇ ಇರುತ್ತೇವೆ, ಅದನ್ನು ಸದ್ದು ಎಂದೇ ಎಣಿಸುವುದಿಲ್ಲ. ಅದು ನಿಂತಾಗ ಬೀದಿಯಲ್ಲಿದ್ದವರೆಲ್ಲ ನೀರಿನೊಳಗೆ ಇರುವವರ ಹಾಗೆ ಮೆಲ್ಲಗೆ ತಿರುಗಿ ಒಬ್ಬರನ್ನೊಬ್ಬರು ನೋಡಿದರು. ಬಾಣಂತಿಯ ಮಗು ಮೊದಲ ಸಲ ತನ್ನ ದನಿ ತನಗೇ ಕೇಳಿ ಸುಮ್ಮನಾಯಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಸಂದಿಯೊಳಗಿನ ನುಚ್ಚು ಹಲ್ಲು ಕಡಿದ ಹಾಗೆ ಗರಗರ ಎಂದಿತು, ಸರಸರ ಮತ್ತೆ ಶುರುವಾಯಿತು. ಈ ಸಲ ಎರಡು ಮನೆಗೂ ಸೇರಿ ಒಂದೇ ಸದ್ದು, ಮೊದಲಿಗಿಂತ ನಿಧಾನ.

ತಿಂಗಳಾದ ಮೇಲೆ ಸಣ್ಣಪ್ಪ ಅಳೆದ. ಮೂರು ಸಲ ಅಳೆದ. ಯಜಮಾನರು ಪಕ್ಕದಲ್ಲೇ ಕರಣೆ ಹಿಡಿದು ನಿಂತಿದ್ದರು.

"ದಿನಕ್ಕೆ ಒಂದು ಬೆರಳು. ಎರಡೂ ಮನೇನೂ," ಅಂದ. "ಅಂಚಿಗೆ ಆರು ವರ್ಷ. ಚೆನ್ನಾಗಿ ಕುಟ್ಟಿ ಹಾಕುದ್ರೆ ಏಳು."

ನನಗೆ ಆಗ ಹೊಳೆಯಿತು. ಯಜಮಾನರ ಕಡೆ ತಿರುಗಿದೆ. "ನಿಮ್ಮನ್ನ ಕೇಳ್ಲೇ ಇಲ್ಲ ನಾನು. ಮನೆ ನಿಮ್ದೂ ತಾನೆ," ಅಂದೆ.

"ನಾನೂ ಕೇಳಿರ್ಲಿಲ್ಲವಲ್ಲ ಅವತ್ತು," ಅಂದರು. ಕರಣೆಗೆ ಅಂಟಿದ್ದ ಗಾರೆ ಒರೆಸುತ್ತ, "ಕೆಳಗಡೇನೂ ಮನೆಗಳಿದ್ರೆ ಗಾರೆ ಕೆಲಸ ಇದ್ದೇ ಇರ್ತದೆ, ಬಿಡು," ಅಂದರು.

ಎರಡು ಕಿಟಕಿಗಳು ಸರಿಯಾಗಿ ಎದುರುಬದುರು ನಿಲ್ಲಲಿಲ್ಲ, ಮೂರು ಗೇಣು ತಪ್ಪಿದವು. ಅಕ್ಕನ ಮುಖ ನೋಡಬೇಕಾದರೆ ನಾನು ಸರಳಿಗೆ ಕೆನ್ನೆ ಒತ್ತಿ ಕುತ್ತಿಗೆ ಓರೆ ಮಾಡಬೇಕು, ಅವಳೂ ಹಾಗೇ ಮಾಡಬೇಕು. ಹಾಗೆ ಓರೆಯಾಗಿಯೇ ಹೇಳಿದೆ, ಆರು ವರ್ಷವಂತೆ ಅಕ್ಕ, ನಾವಿಬ್ಬರೂ.

ಅವಳು ಎಡಗೈಯ ಬೆರಳು ಮಡಿಚಿ ಲೆಕ್ಕ ಹಾಕಿದಳು. ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ.

"ಇನ್ನು ಆರು ವರ್ಷ ನಿನ್ನ ಬಾಯಿ ಕೇಳ್ಬೇಕಾ ನಾನು?" ಅಂದಳು.

"ಕೇಳ್ಬೇಕು," ಅಂದೆ.